ಓದುಗರ ಪ್ರಶ್ನೆ: ಜೆಟ್ ಸ್ಕೀ ಹತ್ತುವ ಮುನ್ನ

ಪ್ರಶ್ನೆ: ಡಿಸೆಂಬರ್ ರಜೆಯಲ್ಲಿ ಕುಟುಂಬ ಸಮೇತ ಮಲ್ಪೆ ಮತ್ತು ಮುರ್ಡೇಶ್ವರಕ್ಕೆ ಹೋಗಲಿದ್ದೇವೆ. ಹದಿನೆಂಟು ತುಂಬಿದ ಮಗನಿಗೆ ನೀರಿನ ಮೇಲೆ ಓಡುವ ಬೈಕಿನಂಥ ಜೆಟ್ ಸ್ಕೀಯನ್ನು ಅರ್ಧ ಗಂಟೆ ಬಾಡಿಗೆಗೆ ಪಡೆದು ತಾನೇ ಓಡಿಸಬೇಕೆಂಬ ಆಸೆ. ಬೈಕ್ ಓಡಿಸಲು ಬರುತ್ತದೆ, ಇದೂ ಹಾಗೆಯೇ ಎನ್ನುತ್ತಾನೆ. ಎಂಟು ವರ್ಷದ ಮಗಳೂ ಕೂರುತ್ತೇನೆ ಎಂದು ಹಟ ಹಿಡಿದಿದ್ದಾಳೆ. ನಮ್ಮಲ್ಲಿ ಯಾರಿಗೂ ಈಜು ಬಾರದು. ಕಳುಹಿಸಬಹುದೇ? ಏನೇನು ವಿಚಾರಿಸಬೇಕು?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಮೊದಲಿಗೆ ಒಂದು ವಿಷಯ ತಿಳಿದಿರಲಿ. ನಮ್ಮ ಕರಾವಳಿಯ ಕಡಲತೀರಗಳಲ್ಲಿ ಜೆಟ್ ಸ್ಕೀಯನ್ನು ಸಾಮಾನ್ಯವಾಗಿ ಬೈಕಿನಂತೆ ಬಾಡಿಗೆಗೆ ಕೊಟ್ಟು ಕಳುಹಿಸುವುದಿಲ್ಲ. ಅಲ್ಲಿ ಸಿಗುವುದು ಕೆಲವೇ ನಿಮಿಷಗಳ ಸವಾರಿ, ಅದೂ ಅವರ ಚಾಲಕನ ಜೊತೆಗೆ. ಯಾರಾದರೂ ಹೆಚ್ಚು ಹಣ ಕೊಟ್ಟರೆ ಒಬ್ಬನನ್ನೇ ಬಿಡುತ್ತೇವೆ ಎಂದರೆ, ಆ ಮಾತನ್ನು ಕೊಡುಗೆ ಎಂದು ತಿಳಿಯದೆ ಅಲ್ಲಿಂದ ಹಿಂದಿರುಗಿ ಬರಲು ಸಾಕಾದ ಕಾರಣವೆಂದು ತಿಳಿಯಿರಿ. ಈಜು ಬಾರದ, ಮೊದಲ ಸಲ ಹತ್ತುತ್ತಿರುವ ಹುಡುಗ ಒಬ್ಬನೇ ಓಡಿಸುವುದು ಬೇಡವೇ ಬೇಡ. ಚಾಲಕನ ಜೊತೆ ಹೋಗುವುದಾದರೆ, ಮುಂದೆ ಹೇಳುವ ಕೆಲವು ವಿಷಯಗಳನ್ನು ಖಚಿತಪಡಿಸಿಕೊಂಡು ಕಳುಹಿಸಬಹುದು.

ಬೈಕ್ ಬಂದರೆ ಇದೂ ಬರುತ್ತದೆ ಎಂಬ ನಿಮ್ಮ ಮಗನ ಮಾತಿಗೆ ಸ್ವಲ್ಪ ವಿವರವಾಗಿ ಉತ್ತರಿಸಬೇಕು, ಏಕೆಂದರೆ ಅಪಾಯ ಇರುವುದು ಆ ನಂಬಿಕೆಯಲ್ಲಿಯೇ. ಹ್ಯಾಂಡಲ್, ಸೀಟು, ಬೆರಳಿಗೆ ಸಿಗುವ ಆಕ್ಸಿಲರೇಟರ್ ಎಲ್ಲವೂ ಬೈಕನ್ನೇ ಹೋಲುತ್ತವೆ. ಆದರೆ ಇದಕ್ಕೆ ಚಕ್ರವಿಲ್ಲ, ದೋಣಿಗಿರುವಂತೆ ಚುಕ್ಕಾಣಿಯ ಹಲಗೆಯೂ ಇಲ್ಲ. ಕೆಳಭಾಗದ ಜಾಲರಿಯ ಮೂಲಕ ಎಂಜಿನ್ ನೀರನ್ನು ಎಳೆದುಕೊಂಡು, ಒಳಗೆ ತಿರುಗುವ ರೆಕ್ಕೆಗಳಿಂದ ಅದನ್ನು ರಭಸವಾಗಿ ಹಿಂಭಾಗದ ಕೊಳವೆಯಿಂದ ಹೊರಕ್ಕೆ ಚಿಮ್ಮಿಸುತ್ತದೆ. ಹ್ಯಾಂಡಲ್ ತಿರುಗಿಸಿದಾಗ ಆ ಕೊಳವೆಯ ಬಾಯಿ ಎಡಕ್ಕೋ ಬಲಕ್ಕೋ ಹೊರಳುತ್ತದೆ, ಚಿಮ್ಮುವ ನೀರಿನ ಒತ್ತಡದಿಂದ ವಾಹನ ತಿರುಗುತ್ತದೆ. ಅಂದರೆ ನೀರು ಚಿಮ್ಮುತ್ತಿರುವಷ್ಟು ಹೊತ್ತು ಮಾತ್ರ ಹ್ಯಾಂಡಲ್‌ಗೆ ಬೆಲೆ. ಎದುರಿಗೆ ಏನೋ ಕಂಡು ಗಾಬರಿಯಾದವರು ಮಾಡುವ ಮೊದಲ ಕೆಲಸವೆಂದರೆ ಆಕ್ಸಿಲರೇಟರ್ ಬಿಟ್ಟು ಹ್ಯಾಂಡಲ್ ತಿರುಗಿಸುವುದು. ರಸ್ತೆಯಲ್ಲಿ ಜೀವ ಉಳಿಸುವ ಈ ಅಭ್ಯಾಸ ನೀರಿನ ಮೇಲೆ ತಲೆಕೆಳಗಾಗುತ್ತದೆ: ಆಕ್ಸಿಲರೇಟರ್ ಬಿಟ್ಟ ಕ್ಷಣವೇ ತಿರುಗುವ ಶಕ್ತಿ ಹೋಗಿ, ವಾಹನ ಹಿಂದಿನ ವೇಗದ ರಭಸಕ್ಕೆ ನೇರವಾಗಿ ಸಾಗುತ್ತದೆ.

ನಾನು ಮೊದಲ ಬಾರಿ ಹ್ಯಾಂಡಲ್ ಹಿಡಿದಾಗ ಆದದ್ದೂ ಇದೇ. ಎದುರಿಗೆ ಬಲೆಯ ತೇಲುಗುಂಡುಗಳ ಸಾಲು ಕಂಡಿತು, ಬೆರಳು ಸಡಿಲಿಸಿ ಹ್ಯಾಂಡಲ್ ತಿರುಗಿಸಿದೆ, ಗಾಡಿ ತಿರುಗಲಿಲ್ಲ. ಹಿಂದೆ ಕುಳಿತಿದ್ದ ಚಾಲಕ ಕೈ ಚಾಚಿ, ನನ್ನ ಬೆರಳಿನ ಮೇಲೆ ತನ್ನ ಬೆರಳಿಟ್ಟು ಆಕ್ಸಿಲರೇಟರ್ ಒತ್ತಿದ ಮೇಲೆಯೇ ಅದು ಪಕ್ಕಕ್ಕೆ ಹೊರಳಿದ್ದು. ಗಂಟೆಗೆ 60 ಕಿಲೋಮೀಟರ್ ವೇಗವೆಂದರೆ ಸೆಕೆಂಡಿಗೆ ಸುಮಾರು 17 ಮೀಟರ್ ದೂರ. ತಪ್ಪನ್ನು ಅರಿತು ಸರಿಪಡಿಸಿಕೊಳ್ಳಲು ಹೊಸಬರಿಗೆ ಅಷ್ಟು ಸಮಯ ಸಿಗುವುದಿಲ್ಲ. ಹೊಸ ಮಾದರಿಗಳಲ್ಲಿ ಕೆಲವಕ್ಕೆ ಬ್ರೇಕ್‌ನಂಥ ವ್ಯವಸ್ಥೆ ಇದೆಯಾದರೂ ಬಾಡಿಗೆಗೆ ಓಡುವ ಹಳೆಯ ಗಾಡಿಗಳಲ್ಲಿ ಅದನ್ನು ನಿರೀಕ್ಷಿಸಬೇಡಿ. ಆದುದರಿಂದ ಮಗ ಹ್ಯಾಂಡಲ್ ಮುಟ್ಟುವ ಮೊದಲು, ಅಡ್ಡ ಬಂದದ್ದನ್ನು ತಪ್ಪಿಸಬೇಕಾದರೆ ಆಕ್ಸಿಲರೇಟರ್ ಸ್ವಲ್ಪ ಒತ್ತಿಕೊಂಡೇ ತಿರುಗಿಸಬೇಕು ಎಂಬ ಒಂದು ಮಾತನ್ನು ಅವನ ಬಾಯಿಂದಲೇ ಹೇಳಿಸಿ.

ಕೂರುವ ಕ್ರಮದ ಬಗ್ಗೆಯೂ ಎಚ್ಚರ ಬೇಕು. ನಮ್ಮಲ್ಲಿ ಪ್ರವಾಸಿಗರನ್ನು ಮುಂದೆ ಕೂರಿಸಿ, ಚಾಲಕ ಹಿಂದಿನಿಂದ ಕೈ ಚಾಚಿ ಹ್ಯಾಂಡಲ್ ಹಿಡಿಯುವ ರೂಢಿ ಇದೆ. ಚಿತ್ರ ಚೆನ್ನಾಗಿ ಬರುತ್ತದೆ ಎಂಬುದು ಅದಕ್ಕೆ ಒಂದು ಕಾರಣ. ತಯಾರಕರ ಸೂಚನೆ ಇದಕ್ಕೆ ವಿರುದ್ಧವಾಗಿದೆ: ಓಡಿಸುವವನು ಮುಂದೆ, ಸವಾರರು ಹಿಂದೆ ಕೂರಬೇಕು, ಓಡಿಸುವವನ ಮುಂದೆ ಯಾರನ್ನೂ ಕೂರಿಸಬಾರದು. ಹಿಂದೆ ಕುಳಿತವರ ಪಾದಗಳು ಕಾಲಿಡುವ ಜಾಗವನ್ನು ಪೂರ್ತಿ ಮುಟ್ಟುವಂತಿರಬೇಕು. ಎಂಟು ವರ್ಷದ ನಿಮ್ಮ ಮಗಳ ಕಾಲು ಅಲ್ಲಿಗೆ ಎಟುಕುವುದು ಕಷ್ಟ. ಎಟುಕದಿದ್ದರೆ ಅವಳು ಎಷ್ಟೇ ಅತ್ತರೂ ಕಳುಹಿಸಬೇಡಿ. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ದೋಣಿಯಲ್ಲಿ ಕರೆದೊಯ್ದು, ಅಲ್ಲಿನ ಕಂಬಗಳಂಥ ಬಂಡೆಗಳನ್ನು ತೋರಿಸಿದರೆ ಆ ಮಗುವಿನ ಕಡಲಯಾನದ ಆಸೆಯೂ ತೀರುತ್ತದೆ. ದೋಣಿಯಲ್ಲಿಯೂ ಲೈಫ್ ಜಾಕೆಟ್ ತೊಡಿಸುವುದನ್ನು ಮರೆಯಬೇಡಿ.

ಹಿಂದೆ ಕುಳಿತವರಿಗೆ ಇರುವ ಇನ್ನೊಂದು ಅಪಾಯವನ್ನು ಸಂಕೋಚದಿಂದ ಯಾರೂ ಹೇಳುವುದಿಲ್ಲವಾದ್ದರಿಂದ ಇಲ್ಲಿ ಹೇಳುತ್ತಿದ್ದೇನೆ. ಗಾಡಿ ಒಮ್ಮೆಲೇ ವೇಗ ಹೆಚ್ಚಿಸಿಕೊಂಡಾಗ ಹಿಂದಿನವರು ಹಿಮ್ಮುಖವಾಗಿ ಬಿದ್ದರೆ, ಕೊಳವೆಯಿಂದ ಚಿಮ್ಮುವ ನೀರು ಗುದದ್ವಾರ ಅಥವಾ ಯೋನಿಯ ಮೂಲಕ ದೇಹದೊಳಕ್ಕೆ ನುಗ್ಗಿ ಒಳಾಂಗಗಳನ್ನು ಹರಿದುಹಾಕಬಲ್ಲದು. ಇಂಥ ಗಾಯಗಳು ವೈದ್ಯಕೀಯ ವರದಿಗಳಲ್ಲಿ ದಾಖಲಾಗಿವೆ. ತೆಳುವಾದ ಈಜುಡುಗೆ ಇದನ್ನು ತಡೆಯುವುದಿಲ್ಲ. ದಪ್ಪ ರಬ್ಬರಿನಂಥ ನಿಯೋಪ್ರೀನ್ ಚಡ್ಡಿ ತೊಡಬೇಕೆಂದು ಗಾಡಿಯ ಮೇಲಿನ ಎಚ್ಚರಿಕೆಯ ಪಟ್ಟಿಯಲ್ಲಿಯೇ ಬರೆದಿರುತ್ತದೆ. ನಮ್ಮ ತೀರಗಳಲ್ಲಿ ಅದನ್ನು ಒದಗಿಸುವವರು ಅಪರೂಪ. ಆದ್ದರಿಂದ ಹತ್ತುವ ಮೊದಲೇ ಚಾಲಕನಿಗೆ, ನಿಧಾನವಾಗಿ ಹೊರಡಿ, ಗಿರಕಿ ಹೊಡೆಸಬೇಡಿ ಎಂದು ಸ್ಪಷ್ಟವಾಗಿ ಹೇಳಿ, ಅವನ ಜಾಕೆಟ್ಟಿನ ಪಟ್ಟಿಯನ್ನು ಎರಡೂ ಕೈಗಳಿಂದ ಬಿಗಿಯಾಗಿ ಹಿಡಿದುಕೊಳ್ಳುವುದು ಅಗತ್ಯ. ಸೀರೆಯ ಸೆರಗು, ದುಪಟ್ಟಾ, ಬಿಚ್ಚಿದ ಉದ್ದ ಕೂದಲು ಇವು ಯಾವುವೂ ಇರಬಾರದು. ನೀರನ್ನು ಎಳೆದುಕೊಳ್ಳುವ ಜಾಲರಿ ಇವುಗಳನ್ನೂ ಎಳೆದುಕೊಳ್ಳುತ್ತದೆ.

ಎಂಜಿನ್ ನಿಲ್ಲಿಸುವ ಸುರುಳಿ ದಾರದ ಮೇಲೆ ನಿಮ್ಮ ಕಣ್ಣಿರಲಿ. ಅದರ ಒಂದು ತುದಿ ಸ್ವಿಚ್ಚಿಗೆ, ಇನ್ನೊಂದು ತುದಿ ಓಡಿಸುವವನ ಮಣಿಕಟ್ಟಿಗೆ ಅಥವಾ ಜಾಕೆಟ್ಟಿಗೆ ಸಿಕ್ಕಿಸಿರಬೇಕು. ಅವನು ಬಿದ್ದರೆ ದಾರ ಕಳಚಿ ಎಂಜಿನ್ ನಿಲ್ಲುತ್ತದೆ. ದಾರವನ್ನು ಹ್ಯಾಂಡಲ್‌ಗೇ ಸುತ್ತಿಟ್ಟುಕೊಂಡು ಓಡಿಸುವವನ ಗಾಡಿಯನ್ನು ಹತ್ತಬೇಡಿ.

ಲೈಫ್ ಜಾಕೆಟ್ ಎಂದು ಕೊಡುವುದೆಲ್ಲವೂ ಒಂದೇ ಅಲ್ಲ. ಒಳಭಾಗದ ಚೀಟಿಯಲ್ಲಿ ತೇಲಿಸುವ ಬಲ 50 ನ್ಯೂಟನ್ (50N) ಎಂದಿದ್ದರೆ ಅದು ಈಜು ಬಲ್ಲವರಿಗೆ ತೇಲಲು ನೆರವಾಗುವಂಥದ್ದು; 100 ಅಥವಾ ಅದಕ್ಕಿಂತ ಹೆಚ್ಚಿನದು ಬಿದ್ದವರ ಮುಖವನ್ನು ಮೇಲಕ್ಕೆ ತಿರುಗಿಸಿ ಹಿಡಿಯುವಂತೆ ರಚಿಸಿದ್ದು. ಈಜು ಬಾರದ ನಿಮಗೆ ಎರಡನೆಯದು ಬೇಕು. ಚೀಟಿಯೇ ಇಲ್ಲದಿದ್ದರೂ ಒಂದು ಪರೀಕ್ಷೆ ಮಾಡಬಹುದು: ಬಕಲ್‌ಗಳನ್ನೆಲ್ಲ ಹಾಕಿದ ಮೇಲೆ ಬೇರೊಬ್ಬರು ಭುಜದ ಬಳಿ ಹಿಡಿದು ಮೇಲಕ್ಕೆ ಎತ್ತಲಿ. ಜಾಕೆಟ್ ಕಿವಿಯವರೆಗೆ ಜಾರಿ ಬಂದರೆ ನೀರಿನಲ್ಲಿ ತಲೆಯಿಂದಲೇ ಕಳಚಿಹೋಗುತ್ತದೆ. ಬೇರೆ ಅಳತೆಯದನ್ನು ಕೇಳಿ ಪಡೆಯಿರಿ, ಇಲ್ಲವೆಂದರೆ ಸವಾರಿಯನ್ನೇ ಬಿಡಿ.

ಸಮಯದ ವಿಚಾರಕ್ಕೆ ಬಂದರೆ, ಡಿಸೆಂಬರ್ ಒಳ್ಳೆಯ ಕಾಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅರಬ್ಬೀ ಸಮುದ್ರ ಪ್ರಕ್ಷುಬ್ಧವಾಗಿರುತ್ತದೆ. ಆ ಅವಧಿಯಲ್ಲಿ ಜಲಕ್ರೀಡೆಗಳು ನಿಂತಿರುತ್ತವೆ. ಚಳಿಗಾಲದಲ್ಲಿಯೂ ಮಧ್ಯಾಹ್ನದ ಹೊತ್ತಿಗೆ ನೆಲ ಕಾದು ಕಡಲ ಕಡೆಯಿಂದ ಗಾಳಿ ಬೀಸತೊಡಗಿ ಅಲೆಗಳು ಒರಟಾಗುತ್ತವೆ, ಹಾಗಾಗಿ ಬೆಳಗಿನ ಹೊತ್ತು ಹೋಗುವುದು ಲೇಸು. ಅಳಿವೆಯ ಬಳಿ, ಅಂದರೆ ಹೊಳೆ ಕಡಲನ್ನು ಸೇರುವ ಜಾಗದಲ್ಲಿ, ಸೆಳೆತ ಹೆಚ್ಚು. ಜೊತೆಗೆ ಮೀನುಗಾರಿಕಾ ದೋಣಿಗಳ ಓಡಾಟವೂ ಅಲ್ಲೇ. ಆ ಕಡೆಗೆ ಕರೆದೊಯ್ಯದಂತೆ ತಿಳಿಸಿ. ದಡದಿಂದ ಕೈಯಲ್ಲೇ ಎಳೆಯುವ ಕೈರಂಪಣಿ ಬಲೆ ಇರುವ ಕಡೆಯಿಂದಲೂ ದೂರವಿರಬೇಕು. ಅದು ಮೀನುಗಾರರ ಅನ್ನದ ಮೂಲ, ನಮ್ಮ ಹತ್ತು ನಿಮಿಷದ ಸಂತೋಷಕ್ಕಾಗಿ ಅದನ್ನು ಹರಿಯುವ ಹಕ್ಕು ನಮಗಿಲ್ಲ. ಜನ ಈಜುತ್ತಿರುವ ಜಾಗದ ಮಧ್ಯದಿಂದಲೇ ಗಾಡಿ ಹೊರಡಿಸುವವರಿದ್ದರೆ ಅವರ ಎಚ್ಚರ ಎಷ್ಟೆಂಬುದು ಅಲ್ಲಿಯೇ ತಿಳಿಯುತ್ತದೆ.

ಹಣ ಕೊಡುವ ಮುನ್ನ ಪರವಾನಗಿ ಪತ್ರವನ್ನು ಕೇಳುವುದಕ್ಕೆ ಹಿಂಜರಿಯಬೇಡಿ. ಚಾಲಕರಿಗೆ ತರಬೇತಿ ಕೊಟ್ಟು ಪ್ರಮಾಣಪತ್ರ ನೀಡುವ ರಾಷ್ಟ್ರೀಯ ಜಲಕ್ರೀಡಾ ಸಂಸ್ಥೆ ಗೋವಾದಲ್ಲಿದೆ. ಚಾಲಕ ಎಲ್ಲಿ ತರಬೇತಿ ಪಡೆದಿದ್ದಾನೆ ಎಂದು ಕೇಳಿದರೆ, ಪಡೆದವನು ಹೆಮ್ಮೆಯಿಂದ ಹೇಳುತ್ತಾನೆ. ತೀರದಲ್ಲಿ ಲೈಫ್ ಗಾರ್ಡ್ ಇದ್ದಾರೆಯೇ, ಕೆಂಪು ಬಾವುಟ ಹಾರುತ್ತಿದೆಯೇ ಎಂಬುದನ್ನು ನೀವೇ ನೋಡಿ. 2024ರ ಡಿಸೆಂಬರ್‌ನಲ್ಲಿ ಮುರ್ಡೇಶ್ವರಕ್ಕೆ ಶಾಲಾ ಪ್ರವಾಸದಲ್ಲಿ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಸಮುದ್ರದಲ್ಲಿ ಮುಳುಗಿ ತೀರಿಕೊಂಡರು. ಡಿಸೆಂಬರ್‌ನ ಶಾಂತ ಕಡಲೂ ಈಜು ಬಾರದವರನ್ನು ಎಳೆದುಕೊಳ್ಳಬಲ್ಲದು. ತುರ್ತು ಸಹಾಯಕ್ಕೆ 112, ಕೋಸ್ಟ್ ಗಾರ್ಡ್‌ಗೆ 1554 ಸಂಖ್ಯೆಗಳನ್ನು ದಡದಲ್ಲಿ ಉಳಿಯುವವರ ಫೋನಿನಲ್ಲಿ ಬರೆದಿಟ್ಟಿರಿ.

ಪ್ರಶ್ನೆ: ಮದುವೆಯ ನಂತರ ನಾವಿಬ್ಬರೂ ಥಾಯ್ಲೆಂಡಿನ ಪುಕೆಟ್‌ಗೆ ಹೋಗುತ್ತಿದ್ದೇವೆ. ಅಲ್ಲಿ ಜೆಟ್ ಸ್ಕೀಯನ್ನು ನಮ್ಮ ಕೈಗೇ ಬಾಡಿಗೆಗೆ ಕೊಡುತ್ತಾರಂತೆ; ಮರಳಿಸುವಾಗ ಗೀರು ಬಿದ್ದಿದೆ ಎಂದು ಭಾರಿ ಮೊತ್ತ ಕೇಳುತ್ತಾರೆಂದೂ ಸ್ನೇಹಿತರು ಹೆದರಿಸಿದ್ದಾರೆ. ನಿಜವೇ?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ನಿಮ್ಮ ಸ್ನೇಹಿತರು ಹೇಳಿದ್ದು ಸುಳ್ಳಲ್ಲ. ಪುಕೆಟ್ ಮತ್ತು ಪಟ್ಟಾಯಗಳಲ್ಲಿ ಇಂಥ ವಂಚನೆ ಬಹಳ ಕಾಲದಿಂದ ಹೆಸರಾಗಿದೆ. ಅನೇಕ ದೇಶಗಳ ಸರ್ಕಾರಗಳು ತಮ್ಮ ಪ್ರವಾಸಿಗರಿಗೆ ಈ ಬಗ್ಗೆ ಎಚ್ಚರಿಕೆ ನೀಡಿವೆ. ಪ್ರಾಮಾಣಿಕವಾಗಿ ವ್ಯಾಪಾರ ಮಾಡುವವರೂ ಅಲ್ಲಿದ್ದಾರೆ. ವಂಚನೆ ನಡೆಯುವ ಬಗೆ ಸರಳ: ಮೊದಲೇ ಇದ್ದ ಗೀರನ್ನೋ ಬಿರುಕನ್ನೋ ಹಿಂತಿರುಗಿ ಬಂದವರ ತಲೆಗೆ ಕಟ್ಟಿ, ಒತ್ತೆಯಾಗಿ ಇಟ್ಟುಕೊಂಡ ಪಾಸ್‌ಪೋರ್ಟನ್ನು ಕೊಡದೆ ಬೆದರಿಸುವುದು. ಆದ್ದರಿಂದ ಯಾವ ಕಾರಣಕ್ಕೂ ಮೂಲ ಪಾಸ್‌ಪೋರ್ಟನ್ನು ಒತ್ತೆ ಇಡಬೇಡಿ. ಅದಿಲ್ಲದೆ ಕೊಡುವುದಿಲ್ಲ ಎಂದರೆ ಮುಂದಿನ ಅಂಗಡಿಗೆ ಹೋಗಿ.

ಗಾಡಿಯನ್ನು ಪಡೆಯುವ ಮುನ್ನ ಸುತ್ತಲೂ ವಿಡಿಯೊ ತೆಗೆಯಿರಿ, ಮಾಲೀಕನೂ ಅದರಲ್ಲಿ ಕಾಣುವಂತಿರಲಿ. ಮೇಲ್ಭಾಗಕ್ಕಿಂತ ಮುಖ್ಯವಾದದ್ದು ನೀರಿನಲ್ಲಿ ಮುಳುಗಿರುವ ತಳ. ಗಾಡಿ ಮರಳಿನ ಮೇಲೋ ಟ್ರಾಲಿಯ ಮೇಲೋ ಇರುವಾಗಲೇ ಅದನ್ನು ನೋಡಬೇಕು. ಕಾಣಿಸಿದ ಗೀರುಗಳನ್ನು ಬಾಡಿಗೆ ಪತ್ರದಲ್ಲಿ ಬರೆಸಿ, ವಿಮೆ ಇದೆಯೇ, ಹಾನಿಯಾದರೆ ನಮ್ಮ ಪಾಲು ಗರಿಷ್ಠ ಎಷ್ಟು ಎಂಬುದನ್ನೂ ಅದರಲ್ಲಿಯೇ ಬರೆಸಿ. ನಮ್ಮ ದೇಶದಿಂದ ಮಾಡಿಸಿಕೊಂಡು ಹೋಗುವ ಪ್ರವಾಸ ವಿಮೆಗಳಲ್ಲಿ ಹಲವು, ಸಾಹಸ ಕ್ರೀಡೆಗಳನ್ನೂ ಎಂಜಿನ್ ವಾಹನಗಳಿಂದ ಆಗುವ ಹಾನಿಯನ್ನೂ ಹೊರಗಿಟ್ಟಿರುತ್ತವೆ; ಪಾಲಿಸಿಯ ಷರತ್ತುಗಳನ್ನು ಹೊರಡುವ ಮುನ್ನವೇ ಓದಿಕೊಳ್ಳಿ. ತಕರಾರು ಎದ್ದರೆ ಜಗಳಕ್ಕೆ ನಿಲ್ಲದೆ, ಹಣವನ್ನೂ ಕೊಡದೆ, ಪ್ರವಾಸಿ ಪೊಲೀಸರ 1155 ಸಂಖ್ಯೆಗೆ ಕರೆ ಮಾಡಿ.

ನಿಜವಾಗಿ ಹಾನಿಯಾಗದಂತೆ ನೋಡಿಕೊಳ್ಳುವುದೂ ನಿಮ್ಮ ಹೊಣೆ. ಸೊಂಟಕ್ಕಿಂತ ಕಡಿಮೆ ಆಳದಲ್ಲಿ ಎಂಜಿನ್ ಚಾಲೂ ಮಾಡಿದರೆ ಮರಳು ಮತ್ತು ಕಲ್ಲು ಒಳಕ್ಕೆ ಸೆಳೆದು ರೆಕ್ಕೆಗಳು ಹಾಳಾಗುತ್ತವೆ. ಗಾಡಿ ಮಗುಚಿಕೊಂಡರೆ ಮನಸ್ಸಿಗೆ ಬಂದ ಕಡೆಗೆ ಹೊರಳಿಸಬಾರದು. ಯಾವ ದಿಕ್ಕಿಗೆ ಹೊರಳಿಸಬೇಕೆಂಬ ಬಾಣದ ಗುರುತು ಹಿಂಭಾಗದಲ್ಲಿರುತ್ತದೆ, ತಪ್ಪು ದಿಕ್ಕಿಗೆ ಹೊರಳಿಸಿದರೆ ಎಂಜಿನ್‌ಗೆ ನೀರು ನುಗ್ಗುತ್ತದೆ. ಆಕ್ಸಿಲರೇಟರ್ ಕುರಿತು ದಾವಣಗೆರೆಯವರಿಗೆ ಹೇಳಿದ್ದನ್ನು ಸ್ವತಃ ಓಡಿಸುವ ನೀವು ಎರಡು ಸಲ ಓದಿಕೊಳ್ಳಿ. ಇಬ್ಬರೂ ಒಂದೇ ಗಾಡಿಯಲ್ಲಿ ಹೋಗುವುದು ಮೇಲು. ಎರಡು ಗಾಡಿ ಪಡೆದು ಒಬ್ಬರನ್ನೊಬ್ಬರು ಬೆನ್ನಟ್ಟುವ ಆಟದಲ್ಲಿ, ಮುಂದಿನವರು ಬಿದ್ದ ಜಾಗದ ಮೇಲೆಯೇ ಹಿಂದಿನವರ ಗಾಡಿ ಹಾದುಹೋಗುವ ಸಂಭವವಿದೆ.

ಪ್ರಶ್ನೆ: ಎರಡು ವರ್ಷಗಳ ಹಿಂದೆ ನನಗೆ ಬೆನ್ನುಮೂಳೆಯ ಶಸ್ತ್ರಚಿಕಿತ್ಸೆಯಾಗಿದೆ. ಈಗ ನೋವಿಲ್ಲ. ಕಾರವಾರದ ಕಡಲತೀರದಲ್ಲಿ ಐದು ನಿಮಿಷದ ಸವಾರಿ ಮಾಡಬಹುದೇ? ನನ್ನ ಸೊಸೆಗೆ ನಾಲ್ಕು ತಿಂಗಳಾಗಿದೆ, ಅವಳೂ ಕೇಳುತ್ತಿದ್ದಾಳೆ.
– ಓದುಗರೊಬ್ಬರು, ಧಾರವಾಡ

ಉತ್ತರ: ಇಬ್ಬರೂ ಹೋಗಬೇಡಿ. ಅಲೆಯ ನೆತ್ತಿಯಿಂದ ಗಾಡಿ ಕೆಳಕ್ಕೆ ಅಪ್ಪಳಿಸುವಾಗ ನೀರು ಮೆತ್ತಗಿರುವುದಿಲ್ಲ. ಕುಳಿತವರ ಬೆನ್ನುಮೂಳೆಯ ಮೇಲೆ ನೇರವಾಗಿ ಏಟು ಬೀಳುತ್ತದೆ, ಆರೋಗ್ಯವಂತರಿಗೂ ಬೆನ್ನುಮೂಳೆಯ ಮಣಿ ಮುರಿದ ನಿದರ್ಶನಗಳಿವೆ. ನಿಮ್ಮ ಶಸ್ತ್ರವೈದ್ಯರು ಬರಹದಲ್ಲಿ ಒಪ್ಪಿಗೆ ಕೊಟ್ಟರಷ್ಟೇ ಮುಂದೆ ಎಂದಾದರೂ ಯೋಚಿಸಬಹುದು. ಸೊಸೆಯವರ ವಿಷಯದಲ್ಲಿ ಆ ಯೋಚನೆಯೂ ಈಗ ಬೇಡ. ಹೆರಿಗೆಯಾಗಿ, ವೈದ್ಯರು ಸರಿ ಎಂದ ಮೇಲೆ ಮುಂದಿನ ಚಳಿಗಾಲದಲ್ಲಿ ಬರಲಿ. ಈ ಸಲ ಬೆಳಗಿನ ಹೊತ್ತು ರವೀಂದ್ರನಾಥ ಟಾಗೋರ್ ಕಡಲತೀರದ ಗಟ್ಟಿ ಮರಳಿನ ಮೇಲೆ ಇಬ್ಬರೂ ಜೊತೆಯಾಗಿ ನಡೆಯಿರಿ.