ಕೋರೆಯ ಖಾಲಿ ಪೆಟ್ಟಿಗೆ, ಖಾಲಿ ಚೀಲ

ಪ್ರಶ್ನೆ: ನನ್ನ ಭಾವ ಊರಿನ ಕರಿಕಲ್ಲಿನ ಕೋರೆಯಲ್ಲಿ ಕೆಲಸಕ್ಕಿದ್ದಾರೆ. ಬಂಡೆ ಸಿಡಿಸುವ ಜೆಲಟಿನ್ ಕಡ್ಡಿ ಬರುವ ರಟ್ಟಿನ ಪೆಟ್ಟಿಗೆಗಳನ್ನೂ ಅಮೋನಿಯಂ ನೈಟ್ರೇಟಿನ ಚೀಲಗಳನ್ನೂ ಖಾಲಿಯಾದ ಮೇಲೆ ಮನೆಗೆ ತರುತ್ತಾರೆ. ಪೆಟ್ಟಿಗೆಯನ್ನು ಬಚ್ಚಲಿನ ಒಲೆಗೆ ಹಾಕುತ್ತೇವೆ, ಚೀಲವನ್ನು ತೊಳೆದು ಅಡಿಕೆ ತುಂಬಲು ಬಳಸುತ್ತೇವೆ. ಅಪಾಯವುಂಟೇ?
— ಓದುಗರೊಬ್ಬರು, ಪೆರ್ಲ, ಕಾಸರಗೋಡು ಜಿಲ್ಲೆ

ಉತ್ತರ: ಎರಡರಲ್ಲೂ ಉಂಟು, ಆದರೆ ಒಂದೇ ಬಗೆಯದಲ್ಲ.

ಮೊದಲು ಪೆಟ್ಟಿಗೆಯ ವಿಚಾರ. ಸಾಗಾಟದಲ್ಲಿ ಒಂದು ಕಡ್ಡಿಯ ಹೊದಿಕೆ ಹರಿದರೂ ಒಳಗಿನ ಮೇಣದಂಥ ಸ್ಫೋಟಕವು ಪೆಟ್ಟಿಗೆಯ ತಳಕ್ಕೆ ಮೆತ್ತಿಕೊಳ್ಳುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ, ರಟ್ಟಿನ ಮಡಿಕೆಯೊಳಗೆ ಇಡೀ ಕಡ್ಡಿಯೋ, ಕಡ್ಡಿಯನ್ನು ಸಿಡಿಸುವ ಒಂದು ಕೇಪೋ (ಡಿಟೊನೇಟರ್) ಸಿಕ್ಕಿಕೊಂಡು ಉಳಿಯಬಹುದು. ಕೇಪಿನ ಪೆಟ್ಟಿಗೆ ಬೇರೆಯೇ ಆದರೂ ಖಾಲಿಯಾಗಿ ರಾಶಿ ಬಿದ್ದ ಮೇಲೆ ಯಾವುದು ಯಾವುದೆಂದು ಯಾರು ನೋಡುತ್ತಾರೆ? ಮೂರು ಕಡೆ ಮುಚ್ಚಿದ ಒಲೆಯಲ್ಲಿ ಕಾದ ಕೇಪು ಸಿಡಿದರೆ, ಸೌದೆ ಮುಂದಕ್ಕೆ ದೂಡಲು ಕುಳಿತವರ ಬೆರಳೂ ಕಣ್ಣೂ ಹೋಗಲು ಅದೊಂದೇ ಸಾಕು. ಆದುದರಿಂದ ಇಂಥ ಪೆಟ್ಟಿಗೆಗಳನ್ನು ಮರುಬಳಕೆ ಮಾಡದೆ, ಬಂಡೆ ಸಿಡಿಸುವ ಪರವಾನಗಿಯುಳ್ಳ ಬ್ಲಾಸ್ಟರ್ ಪ್ರತಿಯೊಂದನ್ನೂ ಬಿಚ್ಚಿ ಮಗುಚಿ ನೋಡಿದ ಬಳಿಕ, ಸ್ಫೋಟಕ ಇಡುವ ಮದ್ದಿನ ಕೋಣೆಯಿಂದ ದೂರದ ಬಯಲಿನಲ್ಲಿ, ಜನರನ್ನು ಹತ್ತಿರ ಬಿಡದೆ ಸುಡಿಸುವುದು ಸರಿಯಾದ ಕ್ರಮ. ಅದು ಕೋರೆಯವರ ಹೊಣೆಯೇ ಹೊರತು ನಿಮ್ಮ ಒಲೆಯ ಕೆಲಸವಲ್ಲ.

ಇನ್ನು ಚೀಲ. ಅಮೋನಿಯಂ ನೈಟ್ರೇಟ್ ತಾನಾಗಿ ಉರಿಯುವುದಿಲ್ಲ, ಉರಿಯುವುದಕ್ಕೆ ಆಮ್ಲಜನಕ ಒದಗಿಸುತ್ತದೆ. 1947ರ ಏಪ್ರಿಲ್ 16ರಂದು ಅಮೆರಿಕದ ಟೆಕ್ಸಸ್ ಸಿಟಿ ಬಂದರಿನಲ್ಲಿ ಇದೇ ವಸ್ತುವನ್ನು ಕಾಗದದ ಚೀಲಗಳಲ್ಲಿ ಹೇರಿದ್ದ ಹಡಗಿಗೆ ಬೆಂಕಿ ಬಿದ್ದು, ಅದು ಸ್ಫೋಟಿಸಿ 500ಕ್ಕೂ ಹೆಚ್ಚು ಮಂದಿ ಸತ್ತರು. ನಿಮ್ಮ ಚೀಲದಲ್ಲಿರುವುದು ಹೆಚ್ಚೆಂದರೆ ಒಂದು ಹಿಡಿ. ಹಾಗಾಗಿ ಸ್ಫೋಟಕ್ಕಿಂತ ನಿಮ್ಮ ಹಟ್ಟಿಯ ಬಗ್ಗೆಯೇ ನನಗೆ ಹೆಚ್ಚಿನ ಆತಂಕ. ಮಳೆಗಾಲದ ತೇವಕ್ಕೆ ಕರಗಿ ಹೆಣಿಗೆಯ ಎಳೆಗಳಲ್ಲಿ ಕೂತ ಆ ಉಪ್ಪನ್ನು ದನ ನೆಕ್ಕಿದರೆ, ನೈಟ್ರೇಟ್ ಹೊಟ್ಟೆಯಲ್ಲಿ ನೈಟ್ರೈಟ್ ಆಗಿ ರಕ್ತಕ್ಕೆ ಸೇರಿ, ಆಮ್ಲಜನಕ ಹೊರುವ ಅದರ ಶಕ್ತಿಯನ್ನೇ ಕೆಡಿಸುತ್ತದೆ. ರಕ್ತ ಚಾಕೊಲೇಟ್ ಬಣ್ಣಕ್ಕೆ ತಿರುಗುತ್ತದೆ, ದನ ಏದುಸಿರು ಬಿಡುತ್ತದೆ, ಕೆಲವೇ ಗಂಟೆಗಳಲ್ಲಿ ಸಾಯಲೂಬಹುದು. ಕಾಸರಗೋಡು ಗಿಡ್ಡದಂಥ ಸಣ್ಣ ಮೈಯ ಹಸುವಿಗೆ ಅಷ್ಟೇ ಸಣ್ಣ ಪ್ರಮಾಣ ಸಾಕಾಗುತ್ತದೆ. ತೊಳೆದ ನೀರು ಬಾವಿಗೋ ನೀರಿನ ಸುರಂಗಕ್ಕೋ ಇಳಿಯಬಾರದು. ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಕೂಡದೆಂಬ ಮಿತಿ ಇರುವುದು ಮುಖ್ಯವಾಗಿ ಎಳೆಗೂಸುಗಳನ್ನು ನೆನೆದು. ಆಹಾರವಸ್ತುವನ್ನಂತೂ ಆ ಚೀಲದಲ್ಲಿ ತುಂಬಲೇಬೇಡಿ. ಹಳದಿ ವಜ್ರಾಕೃತಿಯಲ್ಲಿ ವೃತ್ತದ ಮೇಲೆ ಜ್ವಾಲೆಯ ಚಿತ್ರವೂ 5.1 ಎಂಬ ಅಂಕಿಯೂ ಇದ್ದರೆ ಅದು ಈ ಬಗೆಯ ವಸ್ತುವಿನ ಚೀಲ. ಸ್ಫೋಟಕದ ಪೆಟ್ಟಿಗೆಯ ಗುರುತು ಕಿತ್ತಳೆ ಬಣ್ಣದ್ದು.

ಈಗಾಗಲೇ ಮನೆಯಲ್ಲಿರುವುದನ್ನು ಗುಜರಿಗೆ ಹಾಕಬೇಡಿ, ಹರಿಯಬೇಡಿ. ಬ್ಲಾಸ್ಟರನ್ನೇ ಕರೆಸಿ ಹಿಂದಕ್ಕೆ ಒಯ್ಯಿಸಿ. ಪೆನ್ಸಿಲಿಗಿಂತ ತೆಳ್ಳಗಿನ, ವೈರು ಜೋಡಿಸಿದ ಲೋಹದ ಕೊಳವೆ ಕಣ್ಣಿಗೆ ಬಿದ್ದರೆ ಅದು ಕೇಪು: ವೈರು ಎಳೆಯದೆ, ಮಕ್ಕಳನ್ನು ದೂರ ಕಳುಹಿಸಿ, 112ಕ್ಕೆ ಕರೆ ಮಾಡಿ.