ಪೈಥಾನ್ ಬಳಗ: ಮೊದಲು ದಿನ ಗೊತ್ತು ಮಾಡಿ, ಲೋಗೊ ಆಮೇಲೆ

ಪ್ರಶ್ನೆ: ಮಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಬೆಂಗಳೂರಿನಲ್ಲಿದ್ದಾಗ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಮೀಟಪ್‌ಗಳಿಗೆ ಹೋಗುತ್ತಿದ್ದೆ, ಇಲ್ಲೂ ಒಂದು ಬಳಗ ಕಟ್ಟುವ ಆಸೆ. ಜೊತೆಗೆ ನಾಲ್ವರು ಸ್ನೇಹಿತರಿದ್ದಾರೆ. ಉಡುಪಿ, ಮಣಿಪಾಲದವರನ್ನೂ ಸೇರಿಸಿ ಒಂದೇ ಗುಂಪು ಮಾಡಬಹುದೇ? ಸಂಘವಾಗಿ ನೋಂದಣಿ ಮಾಡಿಸಬೇಕೇ?
– ಬಿಜೈಯ ಓದುಗರು

ಉತ್ತರ: ನೋಂದಣಿಯ ಯೋಚನೆ ಸದ್ಯಕ್ಕೆ ಬಿಡಿ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಕನಿಷ್ಠ ಏಳು ಮಂದಿ ಬೇಕು, ನೀವಿರುವುದು ಐವರು. ನೋಂದಣಿ ಆದರೂ ಮಹಾಸಭೆ, ಲೆಕ್ಕಪತ್ರ ಎಂದು ವರ್ಷವರ್ಷವೂ ಕೆಲಸ ಬೆನ್ನಿಗೆ ಬೀಳುತ್ತದೆ. ಪ್ರಾಯೋಜಕರ ಹಣ ಬರುವ ಕಾಲಕ್ಕೆ ನೋಡಿದರಾಯಿತು. ಅಲ್ಲಿಯವರೆಗೆ ಚಹಾ, ಗೋಳಿಬಜೆಯ ಖರ್ಚನ್ನು ಬಂದವರೇ ಹಂಚಿಕೊಳ್ಳಲಿ.

ಮೊದಲು ಗೊತ್ತಾಗಬೇಕಾದದ್ದು ದಿನ. ಶನಿವಾರ ಅನೇಕ ಕಾಲೇಜುಗಳಲ್ಲಿ ತರಗತಿ ಇರುತ್ತದೆ. ಹಾಗಾಗಿ ತಿಂಗಳ ಎರಡನೇ ಭಾನುವಾರ, ಬೆಳಿಗ್ಗೆ 10ರಿಂದ 12.30 ಎಂದು ಇಟ್ಟುಕೊಳ್ಳಿ, ಏನೇ ಆದರೂ ಬದಲಿಸಬೇಡಿ. ನಮ್ಮ ಜಿಲ್ಲೆಗಳಲ್ಲಿ ನವೆಂಬರ್‌ನಿಂದ ಮೇ ತನಕ ಭಾನುವಾರ ಯಾರ ಕೈಯಲ್ಲೂ ಇರುವುದಿಲ್ಲ. ಮದುವೆ, ಗೃಹಪ್ರವೇಶ, ದೈವದ ನೇಮ, ದೇವಸ್ಥಾನದ ಬ್ರಹ್ಮಕಲಶ, ಇವುಗಳ ನಡುವೆ ಹಿಂದಿನ ರಾತ್ರಿ ಯಕ್ಷಗಾನದ ಆಟ ನೋಡಿ ನಿದ್ದೆಗೆಟ್ಟವರು ಬೇರೆ. ಮೇ ಕೊನೆಯ ವಾರದ ಹೊತ್ತಿಗೆ ಪತ್ತನಾಜೆ (ನೇಮ, ಆಟಗಳ ಋತು ಮುಗಿಯುವ ದಿನ) ಬಂದು ಗೆಜ್ಜೆ ಬಿಚ್ಚಿದ ಮೇಲೆ ದಿನಗಳು ತೆರವಾಗುತ್ತವೆ. ಜುಲೈ-ಆಗಸ್ಟ್ ಹೊತ್ತಿನ ತುಳು ತಿಂಗಳು ಆಟಿಯಲ್ಲಂತೂ ಶುಭಕಾರ್ಯಗಳೇ ಇಲ್ಲ. ಮೊದಲ ಸಭೆಯನ್ನು ಜೂನ್‌ನಲ್ಲಿ ಇಟ್ಟರೆ ಮದುವೆಯ ಕಾಲ ಬರುವಷ್ಟರಲ್ಲಿ ಐದು ಸಭೆ ಮುಗಿದು ಅಭ್ಯಾಸ ಕೂತಿರುತ್ತದೆ. ಮಳೆಯದ್ದೊಂದು ತಾಪತ್ರಯ: ರೆಡ್ ಅಲರ್ಟ್ ಇದ್ದರೆ ಸಭೆ ಉಂಟೋ ಇಲ್ಲವೋ ಎಂಬುದನ್ನು ಶನಿವಾರ ಸಂಜೆ 6ಕ್ಕೆ ಒಬ್ಬರೇ ತೀರ್ಮಾನಿಸಿ ತಿಳಿಸಬೇಕು. ಗುಂಪಿನಲ್ಲಿ ಚರ್ಚೆಗೆ ಬಿಟ್ಟರೆ ಅರ್ಧ ಜನ ಬರುತ್ತಾರೆ, ಅರ್ಧ ಜನ ಮನೆಯಲ್ಲೇ ಉಳಿಯುತ್ತಾರೆ.

ಎರಡೂ ಊರಿಗೆ ಒಂದೇ ಗುಂಪು ನಡೆಯುವುದು ಕಷ್ಟ. ಎಕ್ಸ್‌ಪ್ರೆಸ್ ಬಸ್ಸಿನಲ್ಲೂ ಹೋಗಿಬರಲು ಹತ್ತಿರ ಹತ್ತಿರ ಮೂರು ಗಂಟೆ. ಎರಡೂವರೆ ಗಂಟೆಯ ಸಭೆಗೆ ಎರಡನೇ ಬಾರಿ ಯಾರೂ ಅಷ್ಟು ದೂರ ಬರುವುದಿಲ್ಲ. ಊರಿಗೊಂದು ಗುಂಪು ಇರಲಿ, ಭಾಷಣಕಾರರನ್ನು ಮಾತ್ರ ಹಂಚಿಕೊಳ್ಳಿ. ಒಮ್ಮೆ ತಯಾರಾದ ಟಾಕ್ ಈ ವಾರ ಮಂಗಳೂರಲ್ಲಿ, ಮುಂದಿನ ವಾರ ಮಣಿಪಾಲದಲ್ಲಿ ನಡೆದರೆ ಅವರ ಶ್ರಮಕ್ಕೂ ಬೆಲೆ. ವರ್ಷಕ್ಕೊಮ್ಮೆ ನಡುವಿನ ಸುರತ್ಕಲ್‌ನಲ್ಲೋ ಮೂಲ್ಕಿಯಲ್ಲೋ ಎಲ್ಲರೂ ಸೇರಬಹುದು.

ಜಾಗಕ್ಕೆ ಕಾಲೇಜು ಸುಲಭ, ಆದರೆ ಒಂದು ಅಪಾಯ ಉಂಟು. ಪ್ರಾಂಶುಪಾಲರಿಗೆ ಬರೆಯುವ ಪತ್ರದಲ್ಲೇ ‘ಸಭಾ ಕಾರ್ಯಕ್ರಮ ಇರುವುದಿಲ್ಲ’ ಎಂದು ಸೇರಿಸಿ. ಇಲ್ಲದಿದ್ದರೆ ದೀಪ, ಹೂಗುಚ್ಛ, ಸ್ವಾಗತ, ಪ್ರಸ್ತಾವನೆಯಲ್ಲೇ ಮುಕ್ಕಾಲು ಗಂಟೆ ಹೋಗುತ್ತದೆ, ಜೊತೆಗೆ ಹಾಜರಾತಿಯ ಆಸೆ ತೋರಿಸಿ ಅರವತ್ತು ಮಕ್ಕಳನ್ನು ತಂದು ಕೂರಿಸುತ್ತಾರೆ. ಭಾನುವಾರ ಬೀಗದ ಕೈ ಯಾರ ಬಳಿ, ಶೌಚಾಲಯ ತೆರೆದಿರುತ್ತದೆಯೇ, ಹೊರಗಿನವರನ್ನು ಗೇಟಿನಲ್ಲಿ ಬಿಡುತ್ತಾರೆಯೇ ಎಂಬುದನ್ನು ಹಿಂದಿನ ದಿನವೇ ಹೋಗಿ ಕೇಳಿ.

ವಿದ್ಯುತ್ ಲೆಕ್ಕವನ್ನೂ ಹಾಕಿ. 65 ವಾಟ್‌ನ ಚಾರ್ಜರ್ ಇರುವ 25 ಲ್ಯಾಪ್‌ಟಾಪ್‌ಗಳನ್ನು ಒಟ್ಟಿಗೆ ಚುಚ್ಚಿದರೆ 1,625 ವಾಟ್ ಆಗಬಹುದು. ಆರು ಆಂಪಿಯರ್ ಸಾಕೆಟ್ 230 ವೋಲ್ಟ್‌ನಲ್ಲಿ ತಾಳುವುದು 1,380 ವಾಟ್. ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಇನ್ನೆರಡು ಬೋರ್ಡ್ ಸಿಕ್ಕಿಸಿಕೊಂಡು ಹೋದರೆ ಪ್ಲಗ್ ಬಿಸಿಯಾಗುತ್ತದೆ, ಇಲ್ಲವೇ ಟ್ರಿಪ್ ಆಗಿ ಪ್ರೊಜೆಕ್ಟರೂ ಆರುತ್ತದೆ. ಬೇರೆ ಬೇರೆ ಲೈನಿನ ಎರಡು ಪಾಯಿಂಟ್ ಯಾವುವು ಎಂದು ಅಲ್ಲಿನ ಎಲೆಕ್ಟ್ರಿಷಿಯನ್ ಹತ್ತಿರ ಕೇಳಿಕೊಳ್ಳಿ. ಪ್ರೊಜೆಕ್ಟರಿಗೆ ಬೇರೆಯದೇ ಪಾಯಿಂಟ್ ಇರಲಿ.

ಪ್ರಶ್ನೆ: ಉಡುಪಿಯಲ್ಲಿ ಐದು ತಿಂಗಳ ಹಿಂದೆ ಗುಂಪು ಆರಂಭಿಸಿದೆವು. ಮೊದಲ ಸಭೆಗೆ 42 ಜನ, ಕಳೆದ ಬಾರಿ ಎಂಟು. ವಾಟ್ಸ್ಆ್ಯಪ್ ಗುಂಪಿನಲ್ಲಿ ಮಾತ್ರ ಮುನ್ನೂರು ಮಂದಿ. ಒಳ್ಳೆಯ ಭಾಷಣಕಾರರು ಸಿಗದಿರುವುದೇ ಕಾರಣವೇ?
– ಕುಂಜಿಬೆಟ್ಟಿನ ಓದುಗರು

ಉತ್ತರ: ವಾಟ್ಸ್ಆ್ಯಪ್ ಸಂಖ್ಯೆಯನ್ನು ಲೆಕ್ಕಕ್ಕೇ ಹಿಡಿಯಬೇಡಿ. ನಿಮ್ಮ ಬಂಡವಾಳ ಆ ಎಂಟು ಮಂದಿ. ಒಂದು ಗಂಟೆಯ ಭಾಷಣ ಯೂಟ್ಯೂಬ್‌ನಲ್ಲೂ ಸಿಗುತ್ತದೆ. ಅದಕ್ಕಾಗಿ ಭಾನುವಾರ ಬಸ್ ಹತ್ತುವವರು ಕಡಿಮೆ. ಟಾಕ್ 20 ನಿಮಿಷಕ್ಕೆ ಇಳಿಸಿ, ಉಳಿದ ಹೊತ್ತು ಇಬ್ಬಿಬ್ಬರು ಕೂತು ಕೋಡ್ ಬರೆಯುವಂತೆ ಮಾಡಿ. ಹೊಸಬರಿಗೂ ಹಳಬರಿಗೂ ಕೆಲಸ ಸಿಗುವ ಲೆಕ್ಕವನ್ನು ಹುಡುಕಬೇಕು.

ಒಂದು ಉದಾಹರಣೆ. ‘ಉಡುಪಿ’ ಎಂಬ ಸ್ಟ್ರಿಂಗ್‌ನ (ಪ್ರೋಗ್ರಾಮಿನಲ್ಲಿ ಬರೆದ ಪಠ್ಯದ ತುಣುಕು) ಉದ್ದ ಎಷ್ಟು? ಕಣ್ಣಿಗೆ ಮೂರು ಅಕ್ಷರ, ಪೈಥಾನ್ ಐದು ಎನ್ನುತ್ತದೆ. ಅದು ಎಣಿಸುವುದು ಯುನಿಕೋಡ್ ಸಂಕೇತಗಳನ್ನು: ಉ, ಡ, ಉಕಾರದ ಕೊಂಬು, ಪ, ಗುಡಿಸು. ಈಗ ಅದನ್ನು ಸ್ಲೈಸ್‌ನಿಂದ (ಸ್ಟ್ರಿಂಗ್‌ನ ಭಾಗ ಆರಿಸುವ ಪೈಥಾನ್ ವಿಧಾನ) ಹಿಂದುಮುಂದು ಮಾಡಿಸಿ. ಗುಡಿಸು ಮೊದಲಿಗೆ ಬಂದು ಆಧಾರವಿಲ್ಲದೆ ನಿಲ್ಲುತ್ತದೆ, ಡಕಾರದ ಕೊಂಬು ಹೋಗಿ ಪಕಾರಕ್ಕೆ ಅಂಟಿ ‘ಪು’ ಆಗುತ್ತದೆ. ಹೊಸಬರಿಗೆ ಇಷ್ಟೇ ಅರ್ಧ ಗಂಟೆಯ ವಿನೋದ. ಅಕ್ಷರಗಳನ್ನು ಸರಿಯಾಗಿ ಎಣಿಸುವ ಫಂಕ್ಷನ್ ಬರೆಯುವುದು ಅನುಭವಿಗಳ ಪಾಲಿಗೆ. ‘ಮಣ್ಣಪಳ್ಳ’ ಕೊಟ್ಟು ನೋಡಿ, ಒತ್ತಕ್ಷರ ಬಂದ ಕೂಡಲೇ ಅನೇಕರ ಉತ್ತರ ತಪ್ಪುತ್ತದೆ.

ಭಾಷಣಕಾರರ ವಿಷಯಕ್ಕೆ ಬಂದರೆ, ‘ಒಂದು ಗಂಟೆ ಮಾತಾಡುತ್ತೀರಾ’ ಎಂದರೆ ಯಾರಾದರೂ ಹಿಂಜರಿಯುತ್ತಾರೆ. ‘ಕಳೆದ ತಿಂಗಳು ನಿಮ್ಮನ್ನು ಕಾಡಿದ ಒಂದು ಬಗ್ ಬಗ್ಗೆ ಹತ್ತು ನಿಮಿಷ ಹೇಳಿ’ ಎಂದರೆ ಒಪ್ಪುತ್ತಾರೆ. ಭಾಷೆ ಕನ್ನಡವೇ ಇರಲಿ, ತಾಂತ್ರಿಕ ಪದಗಳು ಇಂಗ್ಲಿಷಿನಲ್ಲೇ ನಡೆಯಲಿ. ಕನ್ನಡ ಬಾರದ ಮಣಿಪಾಲದ ವಿದ್ಯಾರ್ಥಿ ಬಂದರೆ ಪಕ್ಕದಲ್ಲೊಬ್ಬರು ಕೂತು ವಿವರಿಸಿದರಾಯಿತು. ಚಹಾದ ಹೊತ್ತಿಗೆ ತುಳು ತಾನಾಗಿಯೇ ಬರುತ್ತದೆ, ಆದರೆ ಹಳಬರೆಲ್ಲ ತುಳುವಿನಲ್ಲಿ ಗುಂಪುಗೂಡಿ ಹೊಸಬರನ್ನು ಹೊರಗಿಟ್ಟರೆ ಅವರು ಮತ್ತೆ ಬರುವುದಿಲ್ಲ. ಬಾಗಿಲ ಬಳಿ ಒಬ್ಬರು ನಿಂತು ಹೊಸಬರನ್ನು ಜೋಡಿ ಮಾಡಿ ಕೂರಿಸಬೇಕು. ಸಂಘಟಕರಲ್ಲಿ ಮಹಿಳೆಯರೂ ಇರಲಿ. ಯಾರಾದರೂ ಅನುಚಿತವಾಗಿ ನಡೆದುಕೊಂಡರೆ ಯಾರಿಗೆ ಹೇಳಬೇಕೆಂಬುದನ್ನು ಹೆಸರಿನೊಂದಿಗೆ ಮೊದಲೇ ತಿಳಿಸಿ.

ಪ್ರಶ್ನೆ: ಕಾರ್ಯಾಗಾರಕ್ಕೆ ಕೂತ ಕೂಡಲೇ ಇಂಟರ್ನೆಟ್ ನಿಲ್ಲುತ್ತದೆ. ಏನು ಮಾಡಬೇಕು?
– ಕಾಪುವಿನ ಓದುಗರು

ಉತ್ತರ: ತಲಾ 100 ಎಂಬಿಯಂತೆ 25 ಮಂದಿ ಪೈಥಾನ್ ಪ್ಯಾಕೇಜುಗಳನ್ನು (ಸಿದ್ಧ ಕೋಡಿನ ಕಟ್ಟುಗಳು) ಒಟ್ಟಿಗೆ ಇಳಿಸಿಕೊಂಡರೆ 2.5 ಜಿಬಿ. 20 ಎಂಬಿಪಿಎಸ್ ಲೈನ್ ಪೂರ್ತಿ ವೇಗದಲ್ಲಿ ಓಡಿದರೂ ಸುಮಾರು 17 ನಿಮಿಷ, ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಅದೂ ಸಿಗಲಿಕ್ಕಿಲ್ಲ. ಹಿಂದಿನ ದಿನ, ಪ್ಯಾಕೇಜುಗಳನ್ನು ತಂದು ಹಾಕುವ ಸಾಧನವಾದ ಪಿಪ್‌ನ ‘ಪಿಪ್ ಡೌನ್‌ಲೋಡ್’ ಆದೇಶದಿಂದ ಬೇಕಾದ ಪ್ಯಾಕೇಜುಗಳನ್ನು ಒಂದು ಫೋಲ್ಡರಿಗೆ ಇಳಿಸಿ, ಪೈಥಾನ್ ಇನ್‌ಸ್ಟಾಲರ್ ಜೊತೆ ನಾಲ್ಕು ಪೆನ್‌ಡ್ರೈವ್‌ಗೆ ಹಾಕಿ. ಪಿಪ್‌ಗೆ ನೆಟ್ ನೋಡಬೇಡ, ಈ ಫೋಲ್ಡರಿನಿಂದಲೇ ತೆಗೆದುಕೋ ಎಂದು ಹೇಳುವ ಆಯ್ಕೆಗಳಿವೆ, ಅವನ್ನು ಚೀಟಿಯಲ್ಲಿ ಬರೆದು ಹಂಚಿ. ಎಡವುವುದು ಇಲ್ಲಿ: ನಂಪೈಯಂಥ (ಗಣಿತ ಲೆಕ್ಕಾಚಾರದ) ಪ್ಯಾಕೇಜಿನ ಕಡತ ಪೈಥಾನ್ ಆವೃತ್ತಿಗೂ ಆಪರೇಟಿಂಗ್ ಸಿಸ್ಟಮ್‌ಗೂ ಹೊಂದಬೇಕು. 3.12ಕ್ಕೆ ಇಳಿಸಿದ್ದು 3.11ರಲ್ಲಿ ಕೂರುವುದಿಲ್ಲ, ವಿಂಡೋಸ್‌ನದು ಮ್ಯಾಕ್‌ಗೆ ಆಗುವುದಿಲ್ಲ. ಹೆಸರು ನೋಂದಾಯಿಸುವಾಗಲೇ ಎರಡನ್ನೂ ಕೇಳಿಟ್ಟುಕೊಳ್ಳಿ. ವಿಂಡೋಸ್‌ನಲ್ಲಿ ಇನ್‌ಸ್ಟಾಲರ್‌ನ ಮೊದಲ ಪರದೆಯ ಕೆಳಗಿರುವ ‘ಪಾತ್‌ಗೆ ಸೇರಿಸು’ ಚೌಕಕ್ಕೆ ಗುರುತು ಹಾಕಲು ಮರೆತರೆ ಆದೇಶ ಕೊಟ್ಟಾಗ ಪೈಥಾನ್ ಸಿಗುವುದೇ ಇಲ್ಲ. ಹಾಗಾದಾಗ ಎಲ್ಲ ತೆಗೆದುಹಾಕಿ ಮತ್ತೆ ಹಾಕಬೇಕಿಲ್ಲ, ಅದೇ ಇನ್‌ಸ್ಟಾಲರ್ ತೆರೆದು ‘ಮಾಡಿಫೈ’, ‘ನೆಕ್ಸ್ಟ್’ ಒತ್ತಿ ‘ಎನ್ವಿರಾನ್‌ಮೆಂಟ್ ವೇರಿಯಬಲ್ಸ್‌ಗೆ ಪೈಥಾನ್ ಸೇರಿಸು’ ಚೌಕಕ್ಕೆ ಗುರುತು ಹಾಕಿದರೆ ಸಾಕು.