15 ವರ್ಷ ಹಳೆಯ ಕ್ಯಾಲಿಬ್ರೇಶನ್ ಬೆಂಚನ್ನು ಬದಲಿಸಲೇಬೇಕಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಹೀಗೆ: ಪುಣೆ ಹತ್ತಿರದ ಚಾಕಣದ ನಿಮ್ಮ ಕಾರ್ಖಾನೆಯಲ್ಲಿ 15 ವರ್ಷದಿಂದ ಒಂದು ಕ್ಯಾಲಿಬ್ರೇಶನ್ ಬೆಂಚು, ಅಂದರೆ ಅಳತೆ ಉಪಕರಣಗಳು ಸರಿ ತೋರಿಸುತ್ತಿವೆಯಾ ಅಂತ ಪರೀಕ್ಷಿಸುವ ವ್ಯವಸ್ಥೆ, ಓಡುತ್ತಿದೆ. ಕೊಟ್ಟವರು ಈಗ "ಹಳೇದಾಯ್ತು, ಪೂರ್ತಿ ಬದಲಿಸಿ" ಅಂತಿದ್ದಾರೆ. ಯಾವ ಕಂಪನಿಯ ಮಾತನ್ನೂ ನೆಚ್ಚಿಕೊಳ್ಳದೆ ನೀವೇ ಹೇಗೆ ತೀರ್ಮಾನಿಸಬೇಕು? ನಾನು ಧಾರವಾಡ ಕಡೆಯವನು, ಪುಣೆ ಪಕ್ಕದ ಭೋಸರಿಯಲ್ಲಿ ಇದೇ ಕೆಲಸ ಮಾಡುತ್ತೇನೆ.

ಮೊದಲು ಹಳೆ ಸರ್ಟಿಫಿಕೇಟುಗಳನ್ನೆಲ್ಲ ಹೊರಗೆ ತೆಗೆಯಿರಿ. ಅದರಲ್ಲಿ 'ಆ್ಯಸ್ ಫೌಂಡ್' ರೀಡಿಂಗ್ ಇದೆಯಾ ನೋಡಿ, ಅಂದರೆ ಅಡ್ಜಸ್ಟ್ ಮಾಡುವ ಮೊದಲು ಉಪಕರಣ ತೋರಿಸಿದ್ದು. ವರ್ಷವಾರು ಅದನ್ನು ಒಂದೇ ಹಾಳೆಯಲ್ಲಿ ಬರೆಯಿರಿ. ಪ್ರತಿ ವರ್ಷ ಒಂದೇ ಕಡೆಗೆ ಸ್ವಲ್ಪ ಸ್ವಲ್ಪ ಜಾರುತ್ತಿದ್ದರೆ ಭಯವಿಲ್ಲ, ಮುಂದೆ ಎಲ್ಲಿರುತ್ತದೆ ಅಂತ ಅಂದಾಜು ಸಿಗುತ್ತದೆ. ಒಮ್ಮೆ ಮೇಲೆ, ಒಮ್ಮೆ ಕೆಳಗೆ ಹಾರುತ್ತಿದ್ದರೆ ಮಾತ್ರ, ಲಿಮಿಟ್ ಒಳಗೇ ಇದ್ದರೂ ನಾನು ನಂಬುವುದಿಲ್ಲ. ಕೆಲವು ಲ್ಯಾಬುಗಳು ಮೊದಲೇ ಅಡ್ಜಸ್ಟ್ ಮಾಡಿ, ಆಮೇಲಿನ ರೀಡಿಂಗ್ ಅಷ್ಟೇ ಕೊಡುತ್ತವೆ. ಆಗ ಉಪಕರಣದ ಚರಿತ್ರೆಯೇ ಅಳಿಸಿಹೋದಂತೆ. ಎರಡೂ ಬೇಕು ಅಂತ ಪರ್ಚೇಸ್ ಆರ್ಡರಿನಲ್ಲೇ ಬರೆಸಿ.

'ವರ್ಷಕ್ಕೊಮ್ಮೆ' ಅನ್ನುವುದು ಕಾನೂನೇನಲ್ಲ. ಪರೀಕ್ಷೆ, ಕ್ಯಾಲಿಬ್ರೇಶನ್ ಲ್ಯಾಬುಗಳಿಗಿರುವ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ/ಐಇಸಿ 17025ರ 2017ರ ಆವೃತ್ತಿಯ ಪ್ರಕಾರ, ಗ್ರಾಹಕರು ಒಪ್ಪಿದ್ದರೆ ಹೊರತು ಲ್ಯಾಬು ಕ್ಯಾಲಿಬ್ರೇಶನ್ ಸರ್ಟಿಫಿಕೇಟಿನಲ್ಲಿ ಮುಂದಿನ ಅವಧಿಯ ಸಲಹೆಯನ್ನೇ ಬರೆಯುವಂತಿಲ್ಲ. ಅವಧಿ ನಿಮ್ಮ ತಲೆನೋವು, ಆಡಿಟ್ ದಿನ ಎಲ್ಲರೂ ಸ್ಟಿಕ್ಕರಿನ ತಾರೀಕನ್ನೇ ನೋಡಿದರೂ! ಮಾಸ್ಟರ್ ಉಪಕರಣವನ್ನು (ಉಳಿದವನ್ನು ಹೋಲಿಸಿ ನೋಡುವ ಮೂಲ ಉಪಕರಣ) ಮಾತ್ರ ಎನ್‌ಎಬಿಎಲ್, ಅಂದರೆ ಲ್ಯಾಬುಗಳಿಗೆ ಮಾನ್ಯತೆ ಕೊಡುವ ಭಾರತದ ಮಂಡಳಿಯ, ಮಾನ್ಯತೆ ಇರುವ ಲ್ಯಾಬಿಗೇ ಕಳಿಸಿ. ಸುಮ್ನೆ ಲೋಗೋ ನೋಡಿ ಕಳಿಸಬೇಡಿ, ಮಾನ್ಯತೆ ನಿಮ್ಮ ರೇಂಜಿಗೂ ಇದೆಯಾ ಕೇಳಿ.

ನಡುವೆ ನೀವೇ ಮಾಡಬಹುದಾದ ಪರೀಕ್ಷೆಗಳೂ ಇವೆ. ಪಿಟಿ 100 ಸೆನ್ಸರ್ (ಬಿಸಿಗೆ ತಕ್ಕಂತೆ ರೆಸಿಸ್ಟನ್ಸ್ ಬದಲಾಗುವ ಪ್ಲಾಟಿನಂ ಸೆನ್ಸರ್) ಇದ್ದರೆ ಶುದ್ಧ ನೀರಿನ ಪುಡಿ ಐಸು ಮತ್ತು ಶುದ್ಧ ನೀರು ಬೆರೆಸಿದ್ದರಲ್ಲಿ ಆಳವಾಗಿ ಇಳಿಸಿ, ವೈರಿನ ರೆಸಿಸ್ಟನ್ಸ್ ಸೇರದಂತೆ ನಾಲ್ಕು ವೈರಿನಲ್ಲಿ ಅಳೆಯಿರಿ. 0 ಡಿಗ್ರಿಯಲ್ಲಿ 100 ಓಮ್ ಬರಬೇಕು. ಡಿಗ್ರಿಗೆ ಸುಮಾರು 0.39 ಓಮ್ ಲೆಕ್ಕ. 100.2 ಬಂದರೆ ಅರ್ಧ ಡಿಗ್ರಿ ಹೋಯಿತು, ಹೆಚ್ಚು ತಪ್ಪಿಗೆ ಅವಕಾಶವಿರುವ ಕ್ಲಾಸ್ ಬಿ ದರ್ಜೆಯ ಸೆನ್ಸರಿಗೂ ಅದು ಜಾಸ್ತಿಯೇ. ಇಂಥ ಸೆನ್ಸರಿಗಾಗಿ ಇಡೀ ಬೆಂಚನ್ನು ಬೈಯುವುದು ತಪ್ಪು ಅಲ್ವಾ?

ಉದ್ದ ಅಳೆಯುವ ಬೆಂಚಾದರೆ ಕೋಣೆಯ ಮೇಲೆ ಮೊದಲ ಅನುಮಾನ ಪಡಿ. ಅಳತೆಯ ಆಧಾರ 20 ಡಿಗ್ರಿ. ಪುಣೆಯ ಏಪ್ರಿಲ್‌ನಲ್ಲಿ ಎಸಿ ಕೈಕೊಟ್ಟು ಕೋಣೆ 30 ಡಿಗ್ರಿಗೆ ಬಂತು ಅನ್ನಿ. 100 ಮಿಲಿಮೀಟರಿನ ಸ್ಟೀಲ್ ಸುಮಾರು 11 ಮೈಕ್ರಾನ್ ಹಿಗ್ಗುತ್ತದೆ. ಅಲ್ಯೂಮಿನಿಯಂ ಇದರ ಎರಡರಷ್ಟು. ಸ್ಟೀಲ್ ಮಾಸ್ಟರ್ ಇಟ್ಟು ಸ್ಟೀಲ್ ಭಾಗವನ್ನೇ ಅಳೆದರೆ, ಎರಡೂ ಒಂದೇ ಬಿಸಿಯಲ್ಲಿದ್ದರೆ, ಏರುಪೇರು ಬಹುಪಾಲು ಸರಿಹೋಗುತ್ತದೆ. ಅಲ್ಯೂಮಿನಿಯಂ ಕಾಸ್ಟಿಂಗ್ ಅಳೆದರೆ ಹಾಗೆ ಸರಿಹೋಗುವುದಿಲ್ಲ. ಹೊಸ ಬೆಂಚು ತಂದರೂ ಇದು ಹೀಗೇ.

ಬದಲಿಸಲು ನಾನು ಒಪ್ಪುವ ಕಾರಣ ಎರಡೇ. ಬಿಡಿಭಾಗ ಸಿಗದಿರುವುದು, ಇಲ್ಲವೇ ಹಳೆ ಡೇಟಾ ಅವರದೇ ಸಾಫ್ಟ್‌ವೇರಿನಲ್ಲಿ ಸಿಕ್ಕಿಬಿದ್ದಿರುವುದು. ಎರಡನೆಯದಾದರೆ ಇವತ್ತೇ ಎಲ್ಲ ರೀಡಿಂಗುಗಳನ್ನು ಸಿಎಸ್‌ವಿ ಫೈಲಿಗೆ ಇಳಿಸಿಕೊಳ್ಳಿ. ಹೊಸದು ಬಂದ ಮೇಲೂ ಕೆಲವು ತಿಂಗಳು ಎರಡನ್ನೂ ಅಕ್ಕಪಕ್ಕ ಓಡಿಸಿ, ಒಂದೇ ಗೇಜನ್ನು ಎರಡರಲ್ಲೂ ಅಳೆಯಿರಿ. ಅಲ್ಲಿಯವರೆಗೆ ಹಳೆಯದನ್ನು ಗುಜರಿಗೆ ಹಾಕಬೇಡಿ.